ಸೀಸೆಯೊಳಗಿನ ಚೀಟಿ

"ಮುಟ್ಟಬ್ಯಾಡ್ರಿ!"

ಆ ಕೂಗಿಗೆ ಕೆಂಪು ಮಣ್ಣಿನ ದಿಬ್ಬದ ಮೇಲೆ ಬೋರಲು ಮಲಗಿದ್ದವನ ಕೈಯಿಂದ ಚಾಕು ಜಾರಿ ಬಿತ್ತು.

ತಿರುಗಿ ನೋಡಿದ. ಹತ್ತಿ ಗೋದಾಮಿನ ಹಿಂಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಸೆರಗಿಗೆಲ್ಲ ಹತ್ತಿಯ ಎಳೆ ಅಂಟಿತ್ತು. ಹಣೆಯಲ್ಲಿ ವಿಭೂತಿ ಮಾತ್ರ. ಕೈಗೆ ಬಳೆಯಿಲ್ಲ. ಇಪ್ಪತ್ತೆರಡು ವರ್ಷವಿದ್ದೀತು... ಆದರೆ ಕಣ್ಣಲ್ಲಿದ್ದ ಸಿಟ್ಟು ಮಾತ್ರ ಹತ್ತು ವರ್ಷದ ಹುಡುಗಿಯದು!

"ಇದು... ನಿಮ್ದೇನ್ರಿ?" ಅಂದ, ತಬ್ಬಿಬ್ಬಾಗಿ.

"ನಂದಲ್ಲ. ಆಕಿ ಮನಿ ಅದು. ಯಾರ ಮನಿ ಕದಾನಾದ್ರೂ ಚಾಕು ಹಾಕಿ ತೆಗೀತಾರೇನ್ರಿ?"

ಆಕಿ!

ಅವನು ಬೆರಗಾದ. ಮದ್ದಿಕೇರದಿಂದ ಹೊರಟು, ಪತ್ತಿಕೊಂಡದ ಸುತ್ತಲ ದಿಬ್ಬಗಳನ್ನೆಲ್ಲ ಎರಡು ತಿಂಗಳು ಕೆದಕಿ, ಆದೋನಿಗೆ ಬಂದಿದ್ದ. ಬಿಲದಲ್ಲಿ ಕೂತಿರುವುದು ಹೆಣ್ಣು ಎಂದು ಯಾವ ಪುಸ್ತಕವನ್ನೂ ಓದದೆ ಇವಳಿಗೆ ಹೇಗೆ ಗೊತ್ತು?

ಅಷ್ಟರಲ್ಲಿ ಒಳಗಿಂದ ಅವಳ ಸೋದರತ್ತೆ ಗಾದಿಲಿಂಗಮ್ಮ ಓಡಿ ಬಂದಳು. ಬಂದವನ ಕೊರಳಲ್ಲಿದ್ದ ಲಿಂಗದ ದೊಡ್ಡ ಕರಡಿಗೆಯನ್ನೂ ರುದ್ರಾಕ್ಷಿಯನ್ನೂ ನೋಡಿದವಳೇ ಎದೆ ಮುಟ್ಟಿಕೊಂಡಳು.

"ಅಯ್ಯ ನಮ್ಮವ್ವಾ! ಅಯ್ನೋರು ಮಣ್ಣಾಗ ಮಲಗ್ಯಾರಲ್ಲ! ಏನ್ ಕಳಕೊಂಡೀರಿ ಅಯ್ನೋರ?"

"ಜ್ಯಾಡ ಹುಡುಕಾಕತ್ತೀನಿ, ತಾಯಿ."

"ಜ್ಯಾಡಾ? ನಮ್ಮ ಮನ್ಯಾಗ ಮೂಲಿಮೂಲಿಗೂ ಅದಾವ. ಒಂದು ಬುಟ್ಟಿ ತುಂಬಿಕೊಂಡು ಹೋಗ್ರಿ, ಪುಣ್ಯ ಬರತೈತಿ!"

ಸಿಟ್ಟಿನಲ್ಲಿದ್ದವಳಿಗೂ ನಗು ಬಂತು. ಆ ನಗುವನ್ನು ಅವನು ನೋಡಿದ. ನೋಡಬಾರದಿತ್ತೇನೋ...

ಅದು ೧೯೩೮ರ ಆಷಾಢ. ಅವನು ರೇವಣಸಿದ್ದಯ್ಯ. ಮದ್ದಿಕೇರದ ಜಂಗಮರ ಮನೆಯ ಮಗ. ಮದ್ರಾಸಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ ಕೈಕೆಳಗೆ ಕೆಲಸ. ಅವಳು ಗುರುಶಾಂತಮ್ಮ, ಹತ್ತಿ ವ್ಯಾಪಾರಿ ಉರುಕುಂದಪ್ಪನ ಒಬ್ಬಳೇ ಮಗಳು. ಹನ್ನೊಂದಕ್ಕೆ ಮದುವೆ. ಹದಿಮೂರಕ್ಕೆ ಕಾಲರಾ ಬಂದು ಗಂಡ ಹೋದ. ಅಂದಿನಿಂದ ಈ ಗೋದಾಮು, ಈ ಹಿತ್ತಲು, ಈ ದಿಬ್ಬ.

ಆ ಸಂಜೆ ಅವಳೇ ಅವನಿಗೆ ತೋರಿಸಿದಳು. ಒಂದಾಣೆ ನಾಣ್ಯದಷ್ಟಗಲದ ಒಂದು ಮುಚ್ಚಳ, ಮಣ್ಣಿನದೇ. ಮೇಲೆ ಪಾಚಿ. ಗೊತ್ತಿಲ್ಲದವರಿಗೆ ಅಲ್ಲೊಂದು ಬಾಗಿಲಿದೆ ಎಂದು ತಿಳಿಯುವುದೇ ಇಲ್ಲ. ಅವಳು ಹತ್ತಿಯ ಒಂದು ಎಳೆಯಿಂದ ಅಂಚನ್ನು ಸವರಿದಳು. ಮುಚ್ಚಳ ಒಂದಿಷ್ಟು ಎದ್ದು, ಪಟ್ಟನೆ ಮುಚ್ಚಿಕೊಂಡಿತು.

"ಈಗ ಒಳಗಿಂದ ಹಿಡಕೊಂಡಾಳ. ನೀವು ಎಷ್ಟು ಎಳದ್ರೂ ಬಿಡಂಗಿಲ್ಲ."

"ಎಷ್ಟು ದಿನದಿಂದ ನೋಡಾಕತ್ತೀರಿ?"

"ಒಂಬತ್ತು ವರ್ಷಾತು. ನಾ ಈ ಮನಿಗೆ ತಿರುಗಿ ಬಂದಾಗ ಕದ ಕಡ್ಲಿಕಾಳಿನಷ್ಟಿತ್ತು. ಯಾರೂ ನನ್ನ ಕೂಡ ಮಾತಾಡ್ತಿರ್ಲಿಲ್ಲ... ಆಕಿ ಕೂಡ ನಾ ಮಾತಾಡ್ತಿದ್ದೆ."

ಅವನು ಮುಚ್ಚಳದ ಮೇಲೆ ಬಾಗಿದ. ಮೆಲ್ಲಗೆ ಹೇಳಿದ, "ಭಾಳ ಹಳೇ ಕುಲ ರಿ ಇದು. ಬ್ಯಾರೆ ಜ್ಯಾಡಕ್ಕ ಹಲ್ಲು ಇಕ್ಕಳದಂಗ ಎದುರುಬದುರು ಇರ್ತಾವ. ಇದಕ್ಕ ಗುದ್ದಲಿ ಹೊಡದಂಗ ಮ್ಯಾಲಿಂದ ಕೆಳಕ್ಕ. ಬಲಿ ಕಟ್ಟಿ ತೂಗಾಡೂದು ಗೊತ್ತಾಗೂಕಿಂತ ಮುಂಚೆ ಹುಟ್ಟಿದ್ದು. ಇಂಥಾದ್ದನ್ನ ಇನ್ನೂ ಯಾರೂ ಬರ್ದಿಲ್ಲ."

"ಬರ್ದಿಲ್ಲ ಅಂದ್ರ?"

"ಇದಕ್ಕ ಹೆಸರಿಲ್ಲ."

ಹೆಸರಿಲ್ಲ... ಗುರುಶಾಂತಮ್ಮನ ಎದೆಯಲ್ಲಿ ಏನೋ ಚುಚ್ಚಿತು. ನನಗೂ ಎಲ್ಲಿದೆ? 'ಉರುಕುಂದಪ್ಪನ ಮಗಳು', 'ಆ ಗಂಡ ಸತ್ತಾಕಿ'... ಅಷ್ಟೇ.

ಅವನು ದಿನಾ ಬರತೊಡಗಿದ. ಊರಾಚೆಯ ದಿಬ್ಬಗಳಿಂದ ಮೂರು ಎಳೆಯ ಜೇಡಗಳನ್ನು ಹಿಡಿದು ತಂದಿದ್ದ. ಭೂತಗನ್ನಡಿಯ ಕೆಳಗೆ ಅವುಗಳ ಕಾಲಿನ ಮುಳ್ಳುಗಳನ್ನು ಎಣಿಸಲು ಹೋದರೆ ಪ್ರತಿಸಲ ಲೆಕ್ಕ ತಪ್ಪುತ್ತಿತ್ತು.

"ಇಲ್ಲಿ ಕೊಡ್ರಿ," ಎಂದಳು ಅವಳು ಒಂದು ದಿನ, ತಡೆಯಲಾರದೆ.

ಹತ್ತಿಯನ್ನು ಚಿಟಿಕೆಯಷ್ಟು ಹಿಡಿದೆಳೆದು ಎಳೆಯ ಉದ್ದ ಹೇಳುವ ಬೆರಳುಗಳು ಅವು. ಉರುಕುಂದಪ್ಪ ಬಜಾರಿನಲ್ಲಿ "ಈ ಮಾಲು ಇಂಥಾದ್ದು" ಎಂದು ಹೇಳಿದರೆ ಯಾರೂ ಎದುರಾಡುತ್ತಿರಲಿಲ್ಲ. ಆ ಮಾತು ಮಗಳದೆಂದು ಅವನು ಎಲ್ಲೂ ಹೇಳಿದವನಲ್ಲ. ಈಗ ಆ ಬೆರಳುಗಳು ಜೇಡದ ಒಂದೊಂದು ಮುಳ್ಳನ್ನೂ ಬಿಡಿಸಿ ಎಣಿಸಿದವು.

ಅವನು ಚೀಟಿ ಬರೆಯುತ್ತಿದ್ದ. ಅವಳಿಗಾಗಿ ಕನ್ನಡದಲ್ಲಿ, ಪೆನ್ಸಿಲ್ಲಿನಲ್ಲಿ. ಊರು, ತಾರೀಖು, ಹಿಡಿದವರು. ಚೀಟಿಯನ್ನು ಜೇಡವಿದ್ದ ಸೀಸೆಯೊಳಗೆ, ಅದು ಕೆಡದಂತೆ ತುಂಬಿದ ಸ್ಪಿರಿಟ್ಟಿನಲ್ಲೇ ಇಳಿಬಿಡುತ್ತಿದ್ದ.

"ಹೊರಗ ಯಾಕ ಅಂಟಿಸಂಗಿಲ್ಲ?"

"ಹೊರಗಿಂದು ಉದುರಿ ಹೋಗತೈತಿ. ಶಾಯಿ ಕರಗತೈತಿ. ಪೆನ್ಸಿಲ್ ಕರಗಂಗಿಲ್ಲ. ಮತ್ತ ಒಮ್ಮೆ ಹಾಕಿದ ಚೀಟಿ ತೆಗೀಬಾರ್ದು. ತಪ್ಪಿದ್ರೂ ತೆಗೀಬಾರ್ದು. ಇನ್ನೊಂದು ಸೇರಿಸಬೇಕು, ಅಷ್ಟ."

ಅವಳು ಸೀಸೆ ಎತ್ತಿ ಬೆಳಕಿಗೆ ಹಿಡಿದು ಓದುತ್ತಿದ್ದಳು. "ಆದೋನಿ. ಜುಲೈ ಹದಿನಾಲ್ಕು. ಹಿಡಿದವರು... ರೇವಣಸಿದ್ದಯ್ಯ."

ಅವನ ಹೆಸರು ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತಿತ್ತು!

ಹೊರಡುವ ದಿನ ಹತ್ತಿರ ಬಂತು. ಅವನು ಮಂಕಾಗಿದ್ದ.

"ಏನ್ ಕೊರತಿ ಐತಿ ಹೇಳ್ರಿ, ಅಯ್ನೋರ."

"ಬಲಿತ ಹೆಣ್ಣು ಬೇಕಿತ್ತು. ಮರಿಗಳನ್ನ ಇಟಗೊಂಡು ಹೊಸಾ ಜಾತಿ ಅಂದ್ರ ಯಾರೂ ನಂಬಂಗಿಲ್ಲ."

ಇಬ್ಬರೂ ದಿಬ್ಬದ ಕಡೆ ನೋಡಲಿಲ್ಲ. ನೋಡದಿದ್ದುದೇ ಎಲ್ಲವನ್ನೂ ಹೇಳಿತು.

"ಒಯ್ದ್ರ... ಉಳೀತಾಳೇನ್ರಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇಲ್ಲ ರಿ. ಆಕಿ ಹೆಸರು ಉಳೀತೈತಿ. ಕೊಟ್ಟಾಕಿ ನೀವು ಅಂತ ಅಚ್ಚಾಗತೈತಿ. ನಿಮ್ಮ ಹೆಸರೂ ಉಳೀತೈತಿ."

ಮರುದಿನ ಬೆಳಗ್ಗೆ ಗುರುಶಾಂತಮ್ಮ ತಾನೇ ಅಗೆದಳು. ಒಂದು ಮೊಳ ಆಳದ ರೇಷ್ಮೆಯ ಕೊಳವೆ. ಅದರ ತಳದಲ್ಲಿ ಆಕಿ. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಕಂಡಳು; ಕಪ್ಪಗೆ, ಮಿರಮಿರ ಮಿಂಚುತ್ತ. ಸೀಸೆಯ ಬಾಯಿ ಹಿಡಿದದ್ದೂ ಅವಳೇ. ಕಾಲುಗಳು ಒಂದೊಂದಾಗಿ ಮಡಿಚಿಕೊಂಡವು. ಅವಳು ಕಣ್ಣು ಮುಚ್ಚಲಿಲ್ಲ.

"ಅಚ್ಚಾದ ಮ್ಯಾಲೆ ಬರ್ತೀನಿ," ಅಂದ ಅವನು. "ನಿಮ್ಮ ಅಪ್ಪನ ಕೂಡ ಮಾತಾಡಾಕ. ನಮ್ಮ ಜನದಾಗ ಉಡಿಕಿ ಮದುವಿ ಐತಲ್ರಿ..."

ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಕರೆದೊಯ್ಯುವ ಮದುವೆ ಅದು. ಆದರೆ ಅಯ್ನೋರ ಮನೆಗೆ ಅಂಥ ಸೊಸೆ ಬಂದದ್ದುಂಟೆ? ಆದರೂ ಅಂದು ಊಟಕ್ಕೆ ಕೂತಾಗ ಅತ್ತೆ ಎರಡು ಸಲ ಕೇಳಿದಳು, "ಯಾಕ ಶಾಂತವ್ವ, ಒಬ್ಬಾಕೀನ ನಗತೀಯಲ್ಲ?"

ಮರುವರ್ಷ ಅಚ್ಚಾದ ಲೇಖನ ಬಂತು. ರೇವಣಸಿದ್ದಯ್ಯ ಆದೋನಿಯಲ್ಲಿ ಇಳಿದುಕೊಂಡಿದ್ದ ಮನೆಯ ಯಜಮಾನ, ಶಾಲೆಯ ಮೇಷ್ಟ್ರು ಜಯತೀರ್ಥಾಚಾರ್ಯರ ಹೆಸರಿಗೆ. ಗುರುಶಾಂತಮ್ಮ ಅವರ ಕಟ್ಟೆಯ ಕೆಳಗೆ ನಿಂತು ಕೇಳಿದಳು. ಇಂಗ್ಲಿಷಿನ ಒಂದೊಂದು ಸಾಲನ್ನೂ ಅವರು ಬಿಡಿಸಿ ಹೇಳಿದರು.

"ಊರಿನ ಹೆಸರದೆ. ಗುಡ್ಡದ ಹೆಸರದೆ. ಮಣ್ಣಿನ ಬಣ್ಣ ಸಹ ಬರದಾರಮ್ಮ. ಹಿಡಿದವರು ಅಂತ... ಅವರ ದೊಡ್ಡ ಪ್ರೊಫೆಸರ ಹೆಸರದೆ."

"ಇನ್ನೊಮ್ಮಿ ಓದ್ರಿ, ಆಚಾರ್ರೇ."

ಓದಿದರು.

"ನನ್ನ ಹೆಸರು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ಇಲ್ಲಮ್ಮ."

ಆ ಪ್ರೊಫೆಸರು ಆದೋನಿಯ ಮಣ್ಣನ್ನೇ ತುಳಿದವನಲ್ಲ! ಇದ್ದ ಒಬ್ಬಳೇ ಗೆಳತಿಯನ್ನು ಕೈಯಾರೆ ಕೊಂದು ಕೊಟ್ಟೆನಲ್ಲ... ಇದಕ್ಕಾ? ಅಪ್ಪ ಬಜಾರಿನಲ್ಲಿ ಮಾಡುವುದನ್ನೇ ಇವನೂ ಮಾಡಿದನಾ?

ಮದ್ರಾಸಿನಿಂದ ಕಾಗದ ಬಂತು. ಅಂಚೆಯ ಬಜಾರಪ್ಪ ಬಾಗಿಲಲ್ಲಿ ನಿಂತ.

"ಬ್ಯಾಡ. ತಿರುಗಿ ಕಳಿಸು."

"ತೆಗದು ನೋಡವ್ವ, ಏನ್ ಐತೋ..."

"ಸಾಕು ಬಜಾರಪ್ಪ. ಕಳಿಸು."

ಹೀಗೆ ಮೂರು ಕಾಗದಗಳು ಬಂದವು, ಮೂರೂ ತೆರೆಯದೆ ಹಿಂದಿರುಗಿದವು. ನಾಲ್ಕನೆಯದು ಬರಲಿಲ್ಲ. ದಿಬ್ಬದ ಕಡೆಯ ಹಿಂಬಾಗಿಲಿಗೆ ಅವಳು ಅಗಳಿ ಹಾಕಿದಳು. ಮತ್ತೆ ತೆಗೆಯಲಿಲ್ಲ.

೧೯೪೨ರ ಏಪ್ರಿಲ್. ಜಪಾನಿನವರು ಬಾಂಬು ಹಾಕುತ್ತಾರೆಂದು ಮದ್ರಾಸು ಖಾಲಿಯಾಗುತ್ತಿತ್ತು. ಕಚೇರಿಯ ಕಾಗದ, ಕಾಲೇಜಿನ ಸಾಮಾನು ಎಲ್ಲ ರೈಲಿನಲ್ಲಿ ಒಳನಾಡಿಗೆ ಬರುತ್ತಿದ್ದವು.

ಒಂದು ಮಧ್ಯಾಹ್ನ ಗೋದಾಮಿನ ಬಾಗಿಲಿಗೆ ನೆರಳು ಬಿತ್ತು.

ತಲೆಯೆತ್ತಿದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ತೆಳ್ಳಗಾಗಿದ್ದ. ಕೈಯಲ್ಲಿ ಬಟ್ಟೆ ಸುತ್ತಿದ ಏನೋ ಇತ್ತು.

"ಅಯ್ನೋರು ಹತ್ತಿ ತಗೊಳ್ಳಾಕ ಬಂದ್ರೇನು?" ಎಂದಳು. ಧ್ವನಿ ತನ್ನದೇ ಅನಿಸಲಿಲ್ಲ.

"ಕಾಲೇಜಿನ ಪೆಟಿಗಿ ಕಾಯಾಕ ಕಳಿಸ್ಯಾರ. ಆಚಾರ್ರ ಶಾಲ್ಯಾಗ ಇಟ್ಟೀನಿ. ಯಾರೂ ಬರವಲ್ರು ಅಂದ್ರು... ನಾನ ಕೇಳಿಕೊಂಡು ಬಂದೆ."

"ಕಾಯ್ರಿ ಹಂಗಾದ್ರ. ಇಲ್ಲೇನ್ ಕೆಲಸ?"

ಅವನು ಬಟ್ಟೆ ಬಿಚ್ಚಿದ. ಸೀಸೆ! ಅವಳು ಮುಖ ತಿರುಗಿಸಿದಳು.

"ಆಕೀನ ನೋಡಬ್ಯಾಡ್ರಿ. ಚೀಟಿ ನೋಡ್ರಿ. ಒಂದ ಸಲ."

ಬೇಡವೆಂದರೂ ಕೈ ಚಾಚಿತು. ಕಿಟಕಿಯ ಬೆಳಕಿಗೆ ಹಿಡಿದಳು. ಸ್ಪಿರಿಟ್ಟು ಹಳದಿಯಾಗಿತ್ತು, ಕಾಗದವೂ. ಅಕ್ಷರ ಮಾತ್ರ ಹಾಗೇ ಇದ್ದವು.

*ಆದೋನಿ. ಜುಲೈ ೨೯, ೧೯೩೮. ಹಿಡಿದವರು: ಗುರುಶಾಂತಮ್ಮ.*

ಕಣ್ಣು ಮಂಜಾಯಿತು.

"ಪ್ರೊಫೆಸರು ಈ ಚೀಟಿ ತೆಗದು ಬ್ಯಾರೆ ಹಾಕು ಅಂದ್ರು. ನಾ ಹಾಕಲಿಲ್ಲ. ಆದ್ರ..." ಅವನು ತಲೆ ತಗ್ಗಿಸಿದ. "ಅಚ್ಚಿನಾಗ ಅವ್ರು ನಿಮ್ಮ ಹೆಸರು ಹೊಡದು ಹಾಕಿದಾಗ ನಾ ಸುಮ್ಕ ಇದ್ದೆ. ಕೆಲಸ ಹೋಗತೈತಿ ಅಂತ ಹೆದರಿದೆ. ಅದಕ್ಕ ನೆವ ಇಲ್ಲ ರಿ. ನಾ ಹೇಡಿ."

"ಈಗ ಹೇಳಾಕ ಬಂದ್ರೇನು, ಮೂರು ವರ್ಷಕ್ಕ?"

"ಈಗ ಆ ಲೇಖನ ಅಚ್ಚು ಹಾಕಿದವ್ರಿಗೆ ಬರ್ದು ಕಳಿಸೀನಿ. ಹಿಡಿದಾಕಿ ಯಾರು, ನಾ ಮಾಡಿದ ತಪ್ಪೇನು ಅಂತ. ಗುಂತಕಲ್ಲಿನಾಗ ಟಪಾಲಿಗೆ ಹಾಕಿ ಬಂದೆ. ಅವ್ರು ಅಚ್ಚು ಹಾಕಿದ್ರ ನಿಮ್ಮ ಹೆಸರು ಬರತೈತಿ. ನನ್ನ ಕೆಲಸ ಹೋಗತೈತಿ."

ಅವಳು ಸೀಸೆಯನ್ನು ಹತ್ತಿಯ ಮೂಟೆಯ ಮೇಲೆ ಇಟ್ಟಳು.

"ಆ ಮೂರು ಕಾಗದದಾಗ ಏನಿತ್ತು?" ಕೇಳಿದಳು, ಸೀಸೆಯನ್ನೇ ನೋಡುತ್ತ.

"ಮೊದಲನೇದ್ರಾಗ ನೆವ. ಎರಡನೇದ್ರಾಗ ಕ್ಷಮಾ. ಮೂರನೇದ್ರಾಗ... ನಿಮ್ಮ ಅಪ್ಪನ ಹತ್ರ ಯಾವಾಗ ಬರ್ಲಿ ಅಂತ."

ಅವಳು ಈಗ ಅವನ ಮುಖ ನೋಡಿದಳು.

"ಅಪ್ಪ ಹ್ವಾದ ವರ್ಷ ಹ್ವಾದ ರಿ. ಹೋಗೂ ಮುಂಚೆ ಕೈ ಹಿಡಕೊಂಡು ಅಂದ, 'ಬಜಾರದಾಗ ನಿನ್ನ ಹೆಸರು ಒಮ್ಮೆರ ಹೇಳಬೇಕಿತ್ತು, ಶಾಂತವ್ವ.' ಅಷ್ಟ. ನೀವು ಬರ್ತೀನಿ ಅಂದದ್ದು ಅಂವಗ ಗೊತ್ತಾಗ್ಲೇ ಇಲ್ಲ. ನಾನ ಕಾಗದ ತಿರುಗಿಸಿದೆ. ನಾನ..."

ಮುಂದಿನ ಮಾತು ಅಳುವಾಯಿತು. ಮೂರು ವರ್ಷದ ಅಳು. ಅವನು ಮುಟ್ಟಲಿಲ್ಲ, ಹೋಗಲೂ ಇಲ್ಲ.

"ಈಗ ಯಾರನ್ನ ಕೇಳ್ಲಿ ನಾನು?" ಎಂದ ಕೊನೆಗೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ಕೇಳ್ರಿ."

ಅವನು ಕೇಳುವ ಮೊದಲೇ ಅವಳು ಎದ್ದು ಹೋಗಿ ಹಿಂಬಾಗಿಲ ಅಗಳಿ ಎಳೆದಳು. ತುಕ್ಕು ಹಿಡಿದಿತ್ತು, ಇಬ್ಬರೂ ಸೇರಿ ಎಳೆಯಬೇಕಾಯಿತು.

ದಿಬ್ಬ ಬಿಸಿಲಿಗೆ ಬಿರಿದಿತ್ತು. ಆಕಿ ಇದ್ದ ಕುಳಿ ಹಾಗೇ ಇತ್ತು, ಅರ್ಧ ತುಂಬಿ. ಗುರುಶಾಂತಮ್ಮ ಅದರ ಪಕ್ಕ ಮೊಣಕಾಲೂರಿದಳು, ಸುಮ್ಮನೆ, ಕ್ಷಮೆ ಕೇಳುವವಳ ಹಾಗೆ. ಬೆರಳು ತಾನಾಗಿ ಮಣ್ಣು ಸವರಿತು.

ತಟ್ಟನೆ ನಿಂತಿತು!

"ಇಲ್ಲಿ... ಇಲ್ಲೊಂದೈತಿ! ಅಯ್ಯ, ಇಲ್ಲೂ ಐತಿ!"

ಕುಳಿಯ ಸುತ್ತ ಏಳು ಪುಟ್ಟ ಮುಚ್ಚಳಗಳು. ಕಡಲೆಕಾಳಿನಷ್ಟು, ಕೆಲವು ಅದಕ್ಕಿಂತ ತುಸು ದೊಡ್ಡವು.

"ಆಕಿ ಮರಿಗಳು," ಎಂದ ಅವನು ಪಿಸುಮಾತಿನಲ್ಲಿ. "ಇವು ದೂರ ಹೋಗಂಗಿಲ್ಲ ರಿ. ತಾಯಿ ಮಗ್ಗಲಾಗ ಮನಿ ಮಾಡ್ತಾವ."

"ಕದ ತೆಗೀವಲ್ಲವು. ಸತ್ತಾವೇನ್ರಿ?"

"ಇಲ್ಲ ಇಲ್ಲ. ಬ್ಯಾಸಗಿಗೆ ಒಳಗಿಂದ ಮಣ್ಣು ಮೆತ್ತಿಕೊಂಡು ಕುಂತಾವ. ಮಳಿ ಬಿದ್ದ ಮ್ಯಾಲೆ ತೆಗೀತಾವ."

ಅವಳು ಕೈ ಚಾಚಿದಳು. "ಒಂದು ಚೀಟಿ ಕೊಡ್ರಿ. ಪೆನ್ಸಿಲ್ಲೂ. ಇನ್ನೊಂದು ಸೇರಿಸಬಹುದು ಅಂದಿದ್ರಲ್ಲ?"

ಕೊಟ್ಟ. ಅವಳು ದಿಬ್ಬದ ಮೇಲೆಯೇ ಕೂತು, ಮೊಣಕಾಲಿನ ಮೇಲೆ ಇಟ್ಟುಕೊಂಡು, ನಿಧಾನವಾಗಿ ಬರೆದಳು. ಅವನು ಇಣುಕಲಿಲ್ಲ.

"ಏನ್ ಬರದ್ರಿ? ಓದ್ರಿ."

"ಆದೋನಿ. ಏಪ್ರಿಲ್, ಸಾವಿರದ ಒಂಬೈನೂರ ನಲವತ್ತೆರಡು. ಮರಿಗಳು ಏಳು. ಮುಟ್ಟಿಲ್ಲ." ಅವಳ ಧ್ವನಿ ಸಣ್ಣದಾಯಿತು. "ನೋಡಿದವರು, ಗುರುಶಾಂತಮ್ಮ, ಮತ್ತ..."

ನಿಲ್ಲಿಸಿದಳು.

"ಮತ್ತ ಯಾರು?"

ಅವಳು ತಲೆಯೆತ್ತಲಿಲ್ಲ.

"ಮೊದಲು ನನ್ನ ಹೆಸರು ಓದ್ತಿದ್ರಲ್ಲ," ಎಂದ ಅವನು, "ಈಗ ಯಾಕ ಓದವಲ್ರಿ?"

"ಓದಬಾರ್ದು ರಿ ಇನ್ ಮ್ಯಾಲೆ." ಅಳು ಇನ್ನೂ ಆರದ ಮುಖ ಕಿವಿಯವರೆಗೆ ಕೆಂಪಾಯಿತು. "ಮನಿಯವ್ರ ಹೆಸರು ಬಾಯ್ಲೆ ಯಾರಾದ್ರೂ ಅಂತಾರೇನು? ಬರ್ದೀನಲ್ಲ... ನೀವ ಓದ್ಕೊಳ್ರಿ."