ಓ ಅಂದ ಶ್ಯಾಮಣ್ಣ

"ಸಾಮೀ, ಕತ್ಲಾಗೆ ಯಾರಾನ 'ಇದೀಯಾ?' ಅಂತ ಕೂಗಿದ್ರೆ ಓ ಅನ್ಬ್ಯಾಡಿ," ಅಂದ್ಳು ಕಡಲೆಕಾಯಿ ಮಾರೋ ಬೈರಮ್ಮ. "ಮುಂದ್ಗಡೆ ಕುಂತವ್ಳಲ್ಲ ಮುನಿಗಂಗಮ್ಮ, ಅವಳಿಗೆ ದಾಯಾದಿಗಳು ಮಾಟ ಮಾಡ್ಸವ್ರೆ. ಅದು ದಿನಾ ಸಂಜೆ ಒಂದೊಂದು ಗೇಣು ಹತ್ರ ಬಂದು ಕೂಗ್ತದೆ. ಮೈ ಮುಟ್ತೋ, ಮುಗೀತು. ಬ್ಯಾರೆಯೋರು ಓ ಅಂದ್ರೆ ಅವ್ರ ಪಾಲಾಯ್ತದೆ."

ಶ್ಯಾಮಣ್ಣ ಕಡಲೆಕಾಯಿ ಸಿಪ್ಪೇನ ಅವಳ ಬುಟ್ಟಿಗೇ ಉಗಿದ. "ಈಗೆಷ್ಟು ದೂರದಲ್ಲೈತೆ?"

"ಎರಡೇ ಗೇಣು ಸಾಮಿ."

"ಹಂಗಾದ್ರೆ ಅದಕ್ಕೂ ಒಂದು ಟಿಕೀಟು ಹರೀರಿ!"

ಶ್ಯಾಮಣ್ಣ ಬೆಂಗಳೂರು ದಂಡು ಪ್ರದೇಶದವನು. ಹೊಸೂರು ಕಡೆಯ ಬೇರಿಕೆ ಊರಿನ ಸಂತೆಮಾಳದ ಟೂರಿಂಗ್ ಟಾಕೀಸಿಗೆ ಹಿಂದಿ ದೆವ್ವದ ಪಿಚ್ಚರು ಬಂದಿತ್ತು. ಪರದೆ ಪಕ್ಕ ನಿಂತು, ಕನ್ನಡಕ್ಕೆ ಒಂಚೂರು ತೆಲುಗು ಬೆರೆಸಿ ಕತೆ ಬಿಡಿಸಿ ಹೇಳೋದು ಇವನ ಕೆಲಸ. ಗಂಟಲು ದೊಡ್ಡದು. ಜಂಬ ಅದಕ್ಕಿಂತ ದೊಡ್ಡದು.

ಮೂರೇ ವಾರದಲ್ಲಿ ಜನಾನ ಅಳೆದುಬಿಟ್ಟಿದ್ದ. ದೆವ್ವದ ಪಿಚ್ಚರಿಗೆ ಬರೋರು ಯಾರಯ್ಯಾ ಅಂದ್ರೆ, ಊರನ್ನೆಲ್ಲ ಗದರಿಸೋ ಪಟೇಲ ನಾರಾಯಣಪ್ಪ. ಇಲ್ಲಿ ಮಾತ್ರ ಟವಲ್ಲು ಕಚ್ಚಿಕೊಂಡು ನಡುಗ್ತಾ ಕೂರ್ತಾನೆ, ಹೆದರೋದ್ರಲ್ಲೂ ರುಚಿ ಐತೆ ಅಂತ ಅವನಿಗೆ ಗೊತ್ತಾಗಿದ್ದೇ ಇಲ್ಲಿ. ಅತ್ತೆ ಮುಂದೆ ಕೆಮ್ಮೋಕೂ ಆಗದ ಸೊಸೇರು. ಇಲ್ಲಿ ಬಾಯಿತುಂಬ ಕಿರುಚಿ, ಹಗುರಾಗಿ ಮನೆಗೆ ಹೋಗೋರು. ಯುದ್ಧದ ಸುದ್ದಿ ಕೇಳಿ ಆಕಳಿಸೋ ಜನ, ಬಟ್ಟೆ ಮೇಲಿನ ಹೆಣ ಕಂಡು ಬೆವರ್ತಿದ್ರು. "ಇವಕ್ಕೆ ವರ್ತಮಾನ ಬ್ಯಾಡ, ಭೂತ ಬೇಕು," ಅಂತ ಶ್ಯಾಮಣ್ಣ ಹಲ್ಲು ಕಿರೀತಿದ್ದ.

ಮುನಿಗಂಗಮ್ಮ ಒಬ್ಳು ಇವನ ಅಳತೆಗೆ ಸಿಗಲಿಲ್ಲ. ದಿನಾ ಬರೋಳು. ಮರಳು ಗುಡ್ಡೆ ಮಾಡ್ಕೊಂಡು ಕೂರೋಳು. ಬಾಯಿತುಂಬ ಎಲೆಅಡಿಕೆ. ಪರದೆಗೆ ಬೆನ್ನು ಹಾಕಿ ಜನದ ಮುಖಾನೇ ಹುಡುಕೋಳು.

"ಏನಮ್ಮೋ, ದೆವ್ವ ಇತ್ಲಾಗೈತೆ," ಅಂದ. ಅವಳು ಇನ್ನೊಂದು ಎಲೆ ಮಡಚಿ ಬಾಯಿಗೆ ತುರುಕಿಕೊಂಡ್ಳು.

ಅವತ್ತು ಮೊದಲನೇ ಆಟ. ಮಧ್ಯದಲ್ಲಿ ರೀಲು ಕಿತ್ತು ಹೋಯ್ತು. ಇಂಜಿನ್ನು ಕೆಮ್ಮಿ ಸತ್ತಿತು. ಕತ್ತಲು ಕಪ್ಪು ಕಂಬಳಿ ಥರ ಮುಸುಕಿಕೊಂಡಿತು. ಬೀಡಿ, ಬೆವರು, ಸೀಮೆಎಣ್ಣೆ ವಾಸನೆ. ಎಲ್ಲದರ ಮೇಲೆ ಸುಟ್ಟ ಕೂದಲಿನ ನಾತ.

"ಇದೀಯಾ?"

ಮುನಿಗಂಗಮ್ಮನ ಪಕ್ಕದಿಂದಲೇ ಬಂತು. ಇನ್ನೂರು ಬಾಯಿ ಒಟ್ಟಿಗೇ ಮುಚ್ಚಿಕೊಂಡ್ವು. ಯಾವಳೋ ತನ್ನ ಕೂಸಿನ ಬಾಯೂ ಒತ್ತಿ ಹಿಡಿದಳು.

"ಥೂ, ಕುರಿಗಳಾ!" ಅಂದ ಶ್ಯಾಮಣ್ಣ. "ಓ! ಇದೀನಿ, ಬಾರೇ!"

ಯಾರೋ ಎಲೆಅಡಿಕೆ ಉಗಿದ ಸದ್ದು. "ಮೂರು ವಾರ ಕಾದೆ ಕಣ್ಲಾ," ಅಂದ್ಳು ಮುನಿಗಂಗಮ್ಮ. "ಇಷ್ಟು ಜನ ಸೇರೋ ಕಡೆ ನಿನ್ನಂಥೋನು ಒಬ್ಬ ಸಿಕ್ಕೇ ಸಿಗ್ತಾನೆ ಅಂತ." ಎದ್ದು ಮನೆಗೆ ಹೋಗ್ಬುಟ್ಟಳು. ಶ್ಯಾಮಣ್ಣನ ಕಾಲ ಬಳಿ ಮರಳು ಕುಸೀತು. ಒಂದು ಹೆಜ್ಜೆಯಷ್ಟು. ಆಮೇಲೆ ಇನ್ನೊಂದು.

ಮಾರನೆ ದಿನ ಇದ್ದಿಲ ಹೊಗೇಲಿ ಓಡೋ ಬಸ್ಸು ಹತ್ತಿ ಹೊಸೂರಿಗೆ ಓಡಿದ. ಸಂಜೆಗೆ ಅಲ್ಲೂ ಆ ಕೂಗು ಬಂತು. ಕತ್ತಿನ ಹಿಂದೆ. ಒಂದೇ ಗೇಣು. ದಾರೀಲಿ ಹೋಗೋರ ಕೈಕಾಲು ಹಿಡಿದು "ಓ ಅನ್ರಪ್ಪಾ" ಅಂತ ಬೇಡಿಕೊಂಡ. ಹುಚ್ಚ ಅಂತ ಕಲ್ಲು ಹೊಡೆದ್ರು. ಕತ್ಲಾಗೆ ಒಟ್ಟಿಗೆ ಕೂರೋ ಇನ್ನೂರು ಮಂದಿ ಇನ್ನೆಲ್ಲಿ ಸಿಗ್ತಾರೆ? ಮೂರನೆ ದಿನ ಬೇರಿಕೆಗೇ ವಾಪಸ್ ಬಂದ.

ಟೆಂಟು ಕಿಕ್ಕಿರಿದಿತ್ತು. ಶ್ಯಾಮಣ್ಣ ಓ ಅಂದ ಸುದ್ದಿ ಕೇಳಿ ಮತ್ತಿಗಿರಿಯಿಂದಲೂ ಜನ ಗಾಡಿ ಕಟ್ಟಿಕೊಂಡು ಬಂದಿದ್ರು. ಬೈರಮ್ಮನ ಬುಟ್ಟಿ ಆಟ ಶುರುವಾಗೋ ಮೊದಲೇ ಖಾಲಿ. ಪರದೆ ಮೇಲೆ ದೆವ್ವ ಕುಣೀತಿತ್ತು. ಒಬ್ಬನೂ ಅತ್ತ ನೋಡಲಿಲ್ಲ. ಎಲ್ಲರ ಕಣ್ಣೂ ಶ್ಯಾಮಣ್ಣನ ಮೇಲೆ. ಪಟೇಲ ಟವಲ್ಲು ಕಚ್ಚಿಕೊಂಡು ಮುಂದಕ್ಕೆ ಜರುಗಿದ್ದ.

ನಾತ ಬಂತು. ಕಿವಿಗೆ ತಣ್ಣಗೆ ಉಸಿರು. ಪರದೆ ಕಂಬ ತಬ್ಬಿಕೊಂಡ.

"ಇದೀಯಾ?"

"ಯಾರಾದ್ರೂ ಓ ಅನ್ರೋ! ನಿಮ್ಮ ಕಾಲಿಗೆ ಬೀಳ್ತೀನಿ!"

ಸೊಸೇರು ಖುಷಿಯಿಂದ ಕಿಟಾರನೆ ಕಿರುಚಿದ್ರು. ಏನೋ ಅವನ ಭುಜ ಮುಟ್ಟಿತು.

ಹಿಂದ್ಗಡೆಯಿಂದ ಯಾರೋ ರೇಗಿದ: "ಏಯ್, ಮುಂದಿರೋರು ತಲೆ ತಗ್ಗಿಸ್ರಲಾ, ಕಾಣಾಕಿಲ್ಲ!"