ಮಿಂಚಿಲ್ಲದೆ ಹಾಡಿದ ಮೇಳ

ಬಹಳ ಹಿಂದೆ, ಬೆಟ್ಟಗಳ ಆಚೆ, ನಾದವತಿ ಎಂಬ ರಾಜ್ಯವಿತ್ತು. ಅಲ್ಲಿ ಧೂಮ್ರಕನೆಂಬ ಮಾಂತ್ರಿಕ ಮಿಂಚನ್ನು ಹಿಡಿದು ಪೆಟ್ಟಿಗೆಯಲ್ಲಿ ಕೂಡಿಹಾಕಿದ. ಪೆಟ್ಟಿಗೆ ಹಾಡತೊಡಗಿತು. ಅದು ತಂತಿಯ ದನಿಯಲ್ಲ, ಕೊಳಲಿನದೂ ಅಲ್ಲ. ಊರ ಮೇಳದಲ್ಲಿ ನಾಗಸ್ವರ ಊದುವ ಹೊನ್ನೆ ಪ್ರತಿ ಮಧ್ಯಾಹ್ನ ಅರಮನೆಯ ಅಂಗಳದಲ್ಲಿ ಬೆರಗಾಗಿ ನಿಂತು ಕೇಳುತ್ತಿದ್ದಳು.

ಒಂದು ದಿನ ಮಾಂತ್ರಿಕ ಆ ಹಾಡಿನಿಂದಲೇ ರಾಜನೂ ಸೇರಿ ಅರಮನೆಯವರನ್ನೆಲ್ಲ ತಾಮ್ರದ ಬೊಂಬೆ ಮಾಡಿದ. ಅಂದು ಹೊನ್ನೆ ಅರಮನೆಗೆ ಬಂದಿರಲಿಲ್ಲ. ಹೊನ್ನೆಯ ಅಣ್ಣ, ಆಸ್ಥಾನದ ವೈಣಿಕ ಬೈರನೂ ತಾಮ್ರವಾದ. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಸಿಡುಕುತ್ತಿದ್ದವನು ಈಗ ಮಾತಿಲ್ಲದೆ ಕುಳಿತಿದ್ದ.

ಮಾಂತ್ರಿಕ ಪೆಟ್ಟಿಗೆಯನ್ನು ಒಡೆದು, ಸಿಂಹಾಸನವೇರಿ ಸಾರಿದ: “ಹುಣ್ಣಿಮೆಯ ಸಂಜೆಯೊಳಗೆ ಅದೇ ಹಾಡು ಕೇಳಿದರೆ ಇವರಿಗೆ ಜೀವ. ಇಲ್ಲವಾದರೆ ಎಂದೆಂದಿಗೂ ತಾಮ್ರ.”

“ಹಾಡು ನನ್ನ ಕಿವಿಯಲ್ಲಿದೆ. ನಾವೇ ನುಡಿಸೋಣ,” ಎಂದಳು ಹೊನ್ನೆ ಮೇಳದವರಿಗೆ.

“ಮಿಂಚು ಎಲ್ಲಿಂದ ತರ್ತೀಯೆ?” ಎಂದ ತಂಬೂರಿಯ ಕೆಂಚಮಾವ.

“ಉಸಿರಿದೆಯಲ್ಲ, ಮಾವ.”

ಹುಣ್ಣಿಮೆಯಂದು ಮೇಳ ಅರಮನೆಗೆ ಹೊರಟಿತು. ಮೊದಲ ಬಾಗಿಲಲ್ಲಿ ತಾಮ್ರದ ಆನೆ ನಿಂತಿತ್ತು.

“ಪೆಟ್ಟಿಗೆಗೆ ಉಸಿರು ಕಟ್ಟುತ್ತಿರಲಿಲ್ಲ. ಕಡಿಯದ ದನಿ ಕೇಳಿಸು,” ಎಂದಿತು.

ಹೊನ್ನೆ ನಾಗಸ್ವರ ಊದಿದಳು. ಅವಳ ಉಸಿರು ಮುಗಿಯುವ ಮೊದಲೇ ಪುಟ್ಟತಾಯಿ ಅತ್ತೆ ತನ್ನ ನಾಗಸ್ವರದಲ್ಲಿ ಅದೇ ಸ್ವರ ಹಿಡಿದಳು. ಅತ್ತೆ ಬಿಡುವ ಮೊದಲೇ ಹೊನ್ನೆ ಹಿಡಿದಳು. ದನಿ ಎಲ್ಲೂ ಕಡಿಯಲಿಲ್ಲ. ಆನೆ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ತಾಮ್ರದ ಸರ್ಪ ಹೆಡೆಯೆತ್ತಿತು.

“ಪೆಟ್ಟಿಗೆ ಸ್ವರ ತೂಗಿ ಗಮಕ ಹಾಕುತ್ತಿರಲಿಲ್ಲ. ಗುಳ್ಳೆ ಒಡೆದಂತೆ ಒಂದೇ ಓಟದಲ್ಲಿ ಓಡುತ್ತಿತ್ತು. ಹಾಗೆ ನುಡಿಸು,” ಎಂದಿತು.

ಮೇಳದವರು ಜಲತರಂಗದ ನೀರಿನ ಬಟ್ಟಲುಗಳನ್ನು ಹಂಚಿಕೊಂಡು, ತಲೆಗೊಂದೇ ಸ್ವರ ಹಿಡಿದರು. ಟಿಣ್, ಟುಣ್, ಟಿಣ್, ಟುಣ್! ಯಾರೂ ಹೆಚ್ಚು ನುಡಿಸಲಿಲ್ಲ, ಯಾರೂ ತಡಮಾಡಲಿಲ್ಲ. ಸರ್ಪ ಸುರುಳಿ ಬಿಚ್ಚಿ ಸರಿಯಿತು.

ಮೂರನೆಯ ಬಾಗಿಲು ತೆರೆದೇ ಇತ್ತು. ಒಳಗೆ ಬೊಂಬೆಗಳು, ಸಿಂಹಾಸನದಲ್ಲಿ ಮಾಂತ್ರಿಕ. ಕಿಟಕಿಯಲ್ಲಿ ಸೂರ್ಯ ಕೆಂಪಾಗಿದ್ದ.

ಕೆಂಚಮಾವ ತಂಬೂರಿಯನ್ನು ತಪ್ಪಿಲ್ಲದಂತೆ ಶ್ರುತಿ ಮಾಡಿದ. ಎಲ್ಲರೂ ಒಟ್ಟಿಗೆ ನುಡಿಸಿದರು. ಬೊಂಬೆಗಳು ಅಲುಗಲಿಲ್ಲ.

“ಸೋರೆಬುರುಡೆ ಹಿಡಿದು ಮಿಂಚಿನ ಹಾಡಾ?” ಮಾಂತ್ರಿಕ ನಕ್ಕ.

ಹೊನ್ನೆ ಕಣ್ಣು ಮುಚ್ಚಿ ನೆನೆದಳು. ಮಧ್ಯಾಹ್ನದ ಬಿಸಿಲಿಗೆ ಪೆಟ್ಟಿಗೆ ಬಿಸಿಯಾಗುತ್ತಿತ್ತು. ಕಾದಾಗ ಅದರ ಒಂದು ಸ್ವರ ತುಸು ಜಾರುತ್ತಿತ್ತು. ಆಗಲೇ ದನಿ ಅಲೆಯಲೆಯಾಗಿ ಏರಿಳಿಯುತ್ತಿತ್ತು.

“ಮಾವ, ಒಂದು ತಂತಿ ಸ್ವಲ್ಪ ಇಳಿಸು.”

“ಶ್ರುತಿ ಕೆಡಿಸು ಅಂತೀಯಾ? ಸತ್ತ ನಮ್ಮಪ್ಪ ಎದ್ದು ಬಂದು ಕಿವಿ ಹಿಂಡ್ತಾನೆ.”

“ಹಿಂಡಲಿ. ಅಣ್ಣ ಎದ್ದರೆ ಸಾಕು.”

ಕೆಂಚಮಾವ ಮುಖ ಹಿಂಡಿಕೊಂಡು ಬಿರಡೆ ತಿರುಗಿಸಿದ. ಎರಡು ತಂತಿ ಮೀಟಿದ. ವಂಯ್… ವಂಯ್… ವಂಯ್… ದನಿ ಅಲೆಯಾಯಿತು. ನಾಗಸ್ವರ ಅದನ್ನು ಕೂಡಿತು, ಬಟ್ಟಲುಗಳು ಅದರೊಡನೆ ಓಡಿದವು. ನೆಲ ನಡುಗಿತು. ಬೊಂಬೆಗಳ ಮೇಲಿನ ತಾಮ್ರ ಬಿರಿದು, ಕರಗಿ, ಹರಿದು ಮಾಂತ್ರಿಕನನ್ನು ಸುತ್ತಿಕೊಂಡಿತು. ಸಿಂಹಾಸನದ ಮೇಲೆ ತಾಮ್ರದ ಗಂಟೆಯೊಂದು ಉಳಿಯಿತು.

ಸೂರ್ಯ ಮುಳುಗುವ ಮುನ್ನ ಬೈರ ಕಣ್ಣು ಬಿಟ್ಟ. ಮೊದಲ ಮಾತಿಗೇ ಸಿಡುಕಿದ:

“ಯಾರದು ಶ್ರುತಿ ತಪ್ಪಿದ್ದು?”

ಹೊನ್ನೆ ನಗುತ್ತ ಅತ್ತಳು. ಕೆಂಚಮಾವ ತಂಬೂರಿಯನ್ನು ಬೆನ್ನ ಹಿಂದೆ ಅಡಗಿಸಿದ.

ರಾಜ ಸಿಂಹಾಸನಕ್ಕೆ ಮರಳಿದ, ಗಂಟೆ ಹೆಬ್ಬಾಗಿಲಿಗೇರಿತು, ಊರು ಸುಖವಾಗಿತ್ತು. ಪ್ರತಿ ಹುಣ್ಣಿಮೆಗೆ ಮೇಳ ಆ ಹಾಡು ನುಡಿಸುತ್ತಿತ್ತು. ಆಗ ತಂತಿಯನ್ನು ತುಸು ಇಳಿಸುವ ಕೆಲಸ ಬೈರನದೇ. ಬೇರೆಯವರು ಇಳಿಸಿದರೆ ಸರಿಯಾಗಿ ತಪ್ಪುವುದಿಲ್ಲವಂತೆ.