ಕೊನೆಗೆ ಬರೆದ ನಿಯಮ

"ಏನ್ರೀ, ಕೆಲಸ ಹೋಗಿರೋದು ನಂದು, ಮುಖ ಸಪ್ಪಗೆ ಮಾಡ್ಕೊಂಡಿರೋದು ನೀವು," ಎಂದು ಮೇಷ್ಟ್ರು ನಕ್ಕರು. ಎಲ್ಲವನ್ನೂ ಪಾಠದ ಹಾಗೆ ಬಿಡಿಸಿ ಹೇಳುವುದರಿಂದ ನಮ್ಮ ಪ್ರಕಾಶನದ ಆಫೀಸಿನಲ್ಲಿ ನಾನೇ ಅವರಿಗಿಟ್ಟ ಹೆಸರದು. ಅವರು ಕನ್ನಡಕದ ಮೇಲಿಂದ ಹಾಗೆ ನೋಡಿದರೆ ಮೊದಲೆಲ್ಲ ನನ್ನ ಕೆನ್ನೆ ಬಿಸಿಯಾಗುತ್ತಿತ್ತು. ಈಗ ತಲೆ ತಗ್ಗುತ್ತದೆ.

ಔಷಧಿ ಗಿಡಗಳ ಕೈಪಿಡಿ ಅಚ್ಚಾಗಿ ಬಂದಾಗ ಅದರಲ್ಲಿ ಒಂದೇ ಒಂದು ಎಚ್ಚರಿಕೆಯೂ ಇರಲಿಲ್ಲ. 'ಗರ್ಭಿಣಿಯರು ಸೇವಿಸಬಾರದು', 'ಬೀಜ ವಿಷ', ಎಲ್ಲವೂ ಮಾಯ. ಅಷ್ಟೂ ಪ್ರತಿಗಳು ರದ್ದಿಗೆ ಹೋದವು. ಪುಸ್ತಕದ ಪಠ್ಯವಿರುವ ಎಕ್ಸ್‌ಎಂಎಲ್ ಫೈಲನ್ನು ಕಂಪ್ಯೂಟರಿನಲ್ಲಿ ಅಚ್ಚಿನ ಪುಟಗಳಾಗಿ ಬದಲಿಸುವ ನಿಯಮಗಳಿಗೆಲ್ಲ ಮೇಷ್ಟ್ರೇ ಹೊಣೆ. ಶುಕ್ರವಾರ ನಿಮ್ಮ ಕೊನೆಯ ದಿನ ಎಂದು ಸಂಪಾದಕಿ ಅವರಿಗೆ ಹೇಳಿಬಿಟ್ಟರು.

ಆ ನಿಯಮಗಳ ಪಟ್ಟಿಯ ಕೊನೆಗೆ ಅವಸರವಾಗಿ ಇನ್ನೊಂದನ್ನು ಸೇರಿಸಿದವಳು ನಾನು. ಅದು ಗೊತ್ತಾದ ಮೇಲೂ ಬಾಯಿಗೆ ಬೀಗ ಹಾಕಿಕೊಂಡು ಎಂಟು ದಿನ ಅವರ ಪಕ್ಕದಲ್ಲೇ ಕೂತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಪಾಡು ನನ್ನದು.

"ಅಮ್ಮನಿಗೆ ಇನ್ನೂ ಹೇಳಿಲ್ಲ," ಎಂದರು ಮೇಷ್ಟ್ರು, ಸ್ಕ್ರೀನ್ ನನ್ನತ್ತ ತಿರುಗಿಸುತ್ತ. "ಎಲ್ಲಿ ಎಡವಿದೆ ಅಂತ ಗೊತ್ತಾದ್ರೆ ಸಾಕು. ನೋಡಿ, ನಿಯಮ ಮೇಲೆ ಬರೆದ್ರೂ ಒಂದೇ, ಕೆಳಗೆ ಬರೆದ್ರೂ ಒಂದೇ. ಮಷೀನು ಪುಸ್ತಕದ ಜಾಡು ಹಿಡಿದು ಹೋಗತ್ತೆ. ಎಚ್ಚರಿಕೆಯಂಥ ಒಂದು ಟಿಪ್ಪಣಿ ಸಿಕ್ತು ಅಂದ್ರೆ, ಅದಕ್ಕೆ ಹೊಂದೋ ನಿಯಮ ಹುಡುಕತ್ತೆ."

"ಎರಡು ನಿಯಮ ಸರಿಸಮವಾಗಿ ಹೊಂದಿದ್ರೆ?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಆಗ ಮಾತ್ರ ಕೊನೆಗೆ ಬರೆದದ್ದು ಗೆಲ್ಲತ್ತೆ."

"ಎಚ್ಚರಿಕೆಗಳನ್ನ ಚೌಕದಲ್ಲಿ ಹಾಕು ಅನ್ನೋದು ನಿಮ್ಮ ನಿಯಮ. ಸಂಪಾದಕಿ ನಮಗಷ್ಟೇ ಅಂತ ಬರೆದಿದ್ದ ಒಳಟಿಪ್ಪಣಿ ತೆಗೆಯೋಕೆ ಹೋಗಿ, ಅದೇ ಥರ ಗುರುತಿದ್ದ ಎಚ್ಚರಿಕೆಗಳನ್ನೂ ತೆಗೆಯೋ ನಿಯಮ ಕೊನೆಗೆ ಬರೆದದ್ದು ನಾನು, ಮೇಷ್ಟ್ರೇ."

ಅವರ ಕೈ ಮೌಸಿನ ಮೇಲೆ ನಿಂತಿತು. "ಯಾವಾಗ ಗೊತ್ತಾಯ್ತು?"

"ಎಂಟು ದಿನ ಆಯ್ತು. ನೀವಂದ್ರೆ ನನಗೆ ಪ್ರಾಣ. ಹೇಳಿದ್ರೆ ನನ್ನ ಮುಖಾನೂ ನೋಡಲ್ಲ ಅಂತ ಹೆದರಿದೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪು ಯಾರಿಗಾದ್ರೂ ಆಗತ್ತೆ," ಎಂದರು ಆಮೇಲೆ. "ಆದ್ರೆ ಎಂಟು ದಿನ ನನಗೆ ನನ್ನ ಮೇಲೇ ನಂಬಿಕೆ ಹೋಗಿತ್ತು. ನೀವು ಪಕ್ಕದಲ್ಲೇ ಇದ್ರಿ."

ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಕಣ್ಣೊರೆಸಿಕೊಂಡು ಎದ್ದು ಸಂಪಾದಕಿಯ ಕೋಣೆಯತ್ತ ನಡೆದೆ.

"ನಿಮ್ಮ ಕೆಲಸ ಹೋಗತ್ತೆ," ಎಂದರು ಹಿಂದಿನಿಂದ.

"ಹೋಗ್ಲಿ."

"ನಾನು ಜೊತೆಗೆ ಬರಲ್ಲ." ಅವರ ದನಿ ಇನ್ನೂ ಬಿಗಿಯಾಗಿಯೇ ಇತ್ತು. "ಆದ್ರೆ ನೀವು ಹೊರಗೆ ಬರೋವರೆಗೂ ಇಲ್ಲೇ ಕೂತಿರ್ತೀನಿ."

ನಾನು ಬಾಗಿಲು ತಟ್ಟಿದೆ.